ಜಗಲಿ ಒರೆಸಿದ ಕೈ

ಮಾಬುಸಾಬರೇ, ನೀವು ಕಳ್ಳರಲ್ಲ ಎಂಬುದು ನನಗೆ ಗೊತ್ತಿತ್ತು. ಓಣಿಯ ಮಂದಿಯ ಮುಂದೆ ನಿಮ್ಮನ್ನು ಕಳ್ಳ ಮಾಡಿದವನೂ ನಾನೇ — ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಬಿಡದೆ ಕೂತವನೂ ನಾನೇ.

ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ಕೊಟ್ಟೂರಿನಲ್ಲಿ ನನ್ನ ಮನೆ-ಸೈಟಿನ ದಲ್ಲಾಳಿ ಕೆಲಸ ಜೋರಾಗಿತ್ತು. ಮಾರಾಟಕ್ಕಿದ್ದ ಮನೆಗಳ ಕೀಲಿಯೆಲ್ಲ ನನ್ನ ಹತ್ತಿರವೇ. ಗಡಿಕಲ್ಲು ಸರಿಸಿದವರು ಯಾರು, ಖಾಲಿ ಮನೆಯ ಹಿತ್ತಲಲ್ಲಿ ಒಲೆ ಹೂಡುವವರು ಯಾರು — ಒಂದೆರಡು ಸಲ ಕಂಡುಹಿಡಿದಿದ್ದೆ. ಅಷ್ಟಕ್ಕೇ ಚಹಾದಂಗಡಿಯವರು ನನ್ನನ್ನು ಸಿಐಡಿ ಅನ್ನತೊಡಗಿದರು. ಅದು ನನ್ನ ತಲೆಗೇರಿತು. ಥೂ, ಎಂಥ ಹುಚ್ಚು!

ಬಸವರಾಜಪ್ಪನವರು ಸಂಸಾರವನ್ನು ಹಡಗಲಿಗೆ ಸಾಗಿಸಿ, ಹಳೆಮನೆ ಮಾರಿಕೊಡು ಎಂದು ನನಗೆ ಒಪ್ಪಿಸಿದ್ದರು. ಮನೆದೇವರಾದ ಹಿತ್ತಾಳೆಯ ವೀರಭದ್ರ ಮಾತ್ರ ದೇವರ ಕೋಣೆಯ ಜಗಲಿಯ ಮೇಲೇ ಇದ್ದ. ಒಳ್ಳೆಯ ದಿನ ನೋಡಿ ಒಯ್ಯುತ್ತೇನೆ ಅಂದಿದ್ದರು. ಆ ಕೋಣೆಯ ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು. ಬಡಗಿಯಾದ ನಿಮಗೆ ಕೀಲಿ ಕೊಟ್ಟೆ. ನೀವು ಅಂಚು ಕೊಯ್ದು, ಬಾಗಿಲು ಕೂಡಿಸಿ, ಕೀಲಿ ವಾಪಸ್ಸು ತಂದುಕೊಟ್ಟಿರಿ. ಮರುದಿನ ಬಸವರಾಜಪ್ಪನವರು ಬಂದು ನೋಡಿದರೆ ಜಗಲಿ ಖಾಲಿ.

ಅವರ ಕೂಗಿಗೆ ಓಣಿಯೇ ನೆರೆಯಿತು. ನಿಮ್ಮನ್ನೂ ಕರೆಸಿದರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು — ನನಗೆ ಅದೇ ಬೇಕಾಗಿತ್ತೋ ಏನೋ.

"ಬೀಗ ಒಡದಿಲ್ಲ. ಒಳಗ ಬಂದು ಹೋದಾಂವ ಒಬ್ಬನ. ಯಾರಂತ ನಾನ ಹೇಳಬೇಕೇನ್ರಿ?" ಅಂದೆ.

"ಅಲ್ಲಾನ ಆಣೆ ಅಣ್ಣಾರ, ನಾ ಜಗಲಿ ಕಡಿ ತಿರುಗಿ ಸೈತ ನೋಡಿಲ್ಲ" ಅಂದಿರಿ ನೀವು.

ಆಗ ನನ್ನ ಕಣ್ಣು ಜಗಲಿಯ ಮೇಲೆ ಬಿತ್ತು. ನೀವು ಬಾಗಿಲು ಕೊಯ್ದಾಗ ಹಾರಿದ ಮರದ ಪುಡಿ ಅಲ್ಲಿ ತೆಳ್ಳಗೆ ಕೂತಿತ್ತು — ದೇವರು ಇದ್ದ ಜಾಗದಲ್ಲೂ! ದೇವರು ಅಲ್ಲಿದ್ದಿದ್ದರೆ ಆ ಜಾಗ ಸ್ವಚ್ಛ ಉಳಿಯಬೇಕಿತ್ತು. ಅಂದರೆ ನೀವು ಬರುವ ಮೊದಲೇ... ನನಗೆ ಅರ್ಥವಾಯಿತು. ಅಷ್ಟರಲ್ಲಿ ಯಾರೋ "ಭಲೇ ಸಿಐಡಿ!" ಅಂದರು. ನಾನು ಹೆಗಲ ಟವಲು ತೆಗೆದು ಜಗಲಿ ಒರೆಸಿಬಿಟ್ಟೆ. ನೀವೇ ಮೊದಲು ಕದ್ದು, ಆಮೇಲೆ ಬಾಗಿಲು ಕೊಯ್ದಿರಬಹುದಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಹಾಗಿದ್ದರೆ ಒರೆಸಿದ್ದೇಕೆ?

ಕೆಲವು ತಿಂಗಳ ಮೇಲೆ ಜಾಗ ನೋಡಲು ನೀಲಗುಂದಕ್ಕೆ ಹೋಗಿದ್ದೆ. ಬಸವರಾಜಪ್ಪನವರ ಅಕ್ಕ ಗಂಗಮ್ಮ ಅಲ್ಲಿದ್ದರು. ಮನೆ ಮಾರುವ ವಿಷಯಕ್ಕೆ ಮುನಿಸಿಕೊಂಡು ತಮ್ಮನೊಡನೆ ಮಾತು ಬಿಟ್ಟಿದ್ದರು. ನೀರು ಕೇಳಿ ಒಳಹೊಕ್ಕರೆ ಅವರ ಜಗಲಿಯ ಮೇಲೆ ಅದೇ ವೀರಭದ್ರ.

"ಹೊರಗಿನ ಮಂದಿ ಮನಿ ನೋಡಾಕ ಬರೋದ್ರಾಗ ದೇವರು ಹೊರಗ ಬರಬೇಕಲ್ರಿ. ತಮ್ಮ ನಾಳಿ, ನಾಡಿದ್ದು ಅಂತಿದ್ದ. ತವರುಮನಿ ಕೀಲಿ ನನ್ನ ಹತ್ರನೂ ಒಂದು ಐತಿ. ಸೀರಿ ಉಡ್ಯಾಗ ಕಟ್ಟಿಕೊಂಡು ಬಂದುಬಿಟ್ಟೆ" ಅಂದರು.

ಪಾಪ, ಆಕೆಗೆ ನಿಮ್ಮ ಸುದ್ದಿಯೇ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ನೀರು ಕುಡಿದು ಎದ್ದು ಬಂದೆ.

ದೇವರಿಗೇ ಕೈ ಹಾಕಿದವನೆಂದು ಕೊಟ್ಟೂರಿನಲ್ಲಿ ಯಾರೂ ನಿಮ್ಮನ್ನು ಮನೆಯೊಳಗೆ ಬಿಡಲಿಲ್ಲ. ನೀವು ಹಗರಿಬೊಮ್ಮನಹಳ್ಳಿ ಸೇರಿದಿರಿ. ವರ್ಷಗಳ ಮೇಲೆ ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ನಾನು ಮುಖ ತಿರುಗಿಸಿದೆ. ನೀವೇ ಬಂದು ಮಾತಾಡಿಸಿದಿರಿ.

"ಅಣ್ಣಾರ, ಆ ಕಳ್ಳ ಸಿಕ್ಕನೇನ್ರಿ? ಸಿಕ್ಕರ ಕೊಟ್ಟೂರಿನ ಆ ಓಣ್ಯಾಗ ಒಂದು ಮಾತು ಹೇಳ್ರಿ. ನಿಮ್ಮ ಮಾತು ಕೇಳ್ತಾರ."

"ಇಲ್ಲ" ಅಂದೆ. ನೀವು ನನಗೆ ಚಹಾ ಕುಡಿಸಿ ಬಸ್ಸು ಹತ್ತಿಸಿದಿರಿ. ಆ ಚಹಾ — ನಾಚಿಕೆಗೆಟ್ಟವನು ನಾನು, ಪೂರ್ತಿ ಕುಡಿದೆ.

ಕ್ಷಮಿಸಿ ಎಂದು ಕೇಳಲು ನನಗೆ ಮುಖವಿಲ್ಲ. ಈ ವಾರ ಆ ಓಣಿಯಲ್ಲಿ ನಿಂತು, ಕಳ್ಳತನವೇ ಆಗಿರಲಿಲ್ಲ, ಗೊತ್ತಿದ್ದೂ ಸುಳ್ಳು ಹೇಳಿದವನು ನಾನು ಎಂದು ಹೇಳುತ್ತೇನೆ. ನೀವು ಬರಬೇಕಾಗಿಲ್ಲ. ನೀವು ಆವತ್ತು ಒಬ್ಬರೇ ನಿಂತಿದ್ದಿರಿ. ಈ ಸಲ ನಾನು ನಿಲ್ಲುತ್ತೇನೆ.