ತಪ್ಪುಕಾಣಿಕೆ ಹಾಕಿದ್ದು ಯಾರು

ಶ್ರೀರಂಗಪಟ್ಟಣದ ಹತ್ತಿರದ ಒಂದು ಚರ್ಚಿನಲ್ಲಿ ಪರದೆ ಹೊಲಿಯಲು ಅಳತೆ ತೆಗೆಯುತ್ತಿದ್ದೆ. ಪಾದ್ರಿಯವರ ಹೆಂಡತಿ ನಾನು ಹತ್ತಿದ್ದ ಸ್ಟೂಲನ್ನು ಹಿಡಿದುಕೊಂಡಿದ್ದರು. ಬೈಬಲನ್ನು ನಾನೇ ಕೂತು ಓದಿದ್ದೆ. ಒಂದು ಮಾತು ಮಾತ್ರ ಗಂಟಲಲ್ಲಿ ಇಳಿದಿರಲಿಲ್ಲ. ಕೇಳಿಯೇಬಿಟ್ಟೆ.

"ಅಮ್ಮಾವ್ರೇ, ನಿಮ್ ದೇವ್ರಿಗೆ ಅಷ್ಟು ಪ್ರೀತಿ ಇದ್ರೆ ಜನ್ರ ತಪ್ನ ಹೋಗ್ಲಿ ಬುಡು ಅನ್ಬೋದಿತ್ತಲ್ಲ? ಅದುಕ್ಕೆ ಅವ್ನ ಮಗ ಯಾಕೆ ಸಾಯ್ಬೇಕಿತ್ತು?"

ಯಾಕೆ ಕೇಳುತ್ತೀರಿ ಎಂದರು. ಹೇಳಿದೆ. ನನ್ನ ತಮ್ಮ ಕುಡಿದು ಓಡಿಸಿದ ಟ್ರಾಕ್ಟರಿಗೆ ಸಿಕ್ಕಿ ನನ್ನ ಮಗ ಸತ್ತ. ತಮ್ಮ ಮನೆದೇವರಿಗೆ ತಪ್ಪುಕಾಣಿಕೆ ಹಾಕಿ ಕೈಮುಗಿದ. "ದೇವ್ರೇ ಒಪ್ಕಂಡ ಮ್ಯಾಲೆ ನಿಂದೇನವ್ವ, ಬುಟ್ಬುಡು" ಎಂದಿತು ಊರು. ನಾನು ಬಿಡಲಿಲ್ಲ.

"ಹೋಗ್ಲಿ ಬುಡು ಅಂದ್ರೆ ನಿಮ್ ಮಗನ ಜೀವಕ್ಕೆ ಬೆಲೆನೇ ಇಲ್ಲ ಅಂದಂಗೆ ಅಕ್ಕ," ಎಂದರು ಆಕೆ. "ನಮ್ ದೇವ್ರು ಅಂಗನ್ಲಿಲ್ಲ. ತಪ್ಪು ತಪ್ಪೇ ಅಂದ. ಆದ್ರೆ ಕಾಣಿಕೆನ ತಾನೇ ಹಾಕ್ದ, ಮಗನಾಗಿ ಬಂದು ತನ್ ಜೀವನೇ ಕೊಟ್ಟು."

ನನ್ನ ಮಗನ ಸಾವನ್ನು ಸಣ್ಣದು ಮಾಡದೆ ಒಬ್ಬರು ಮಾತಾಡಿದ್ದು ಅದೇ ಮೊದಲು. ಕಣ್ಣು ತುಂಬಿತು.

"ಅಂಗಾರೆ ನನ್ ತಮ್ಮನ್ ತಪ್ಪಿಗೂ ಸೇರ್ಸೇ ಕೊಟ್ಟವ್ನಾ?"

ಆಕೆ ನೆಲ ನೋಡಿದರು. "ಅವ್ರು ಮನಸ್ಸಿಂದ ಕೇಳ್ಕಂಡ್ರೆ, ಹೂಂ ಅಕ್ಕ."

ಸ್ಟೂಲಿನಿಂದ ಇಳಿದೆ. ಇಷ್ಟು ದಿನ ತಮ್ಮನ ಕಡೆಗೆ ಮನೆದೇವರೊಬ್ಬನೇ ಇದ್ದ. ಈಗ ದೇವರು ಇಬ್ಬರಾದರು. ನನ್ನ ಕಡೆಗೆ ನಾನೊಬ್ಬಳೇ.