ಕಷ್ಟ ಏನೂ ಇಲ್ಲ ಕಣಮ್ಮ

ಅಜ್ಜಂಪುರದ ನಮ್ಮ ಮಹಿಳಾ ಸಮಾಜದಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. ಆನ್ ಮಾಡಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಇನ್ನೂ ಏಳುತ್ತಲೇ ಇರುತ್ತಿತ್ತು. ತರೀಕೆರೆಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನನ್ನ ಅಣ್ಣನ ಸೊಸೆ ಅದಕ್ಕೊಂದು ಓಪನ್ ಸೋರ್ಸ್ ಸಿಸ್ಟಮ್ ಹಾಕಿಕೊಟ್ಟಳು. ಯಾರೋ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಂತೆ; ಪುಕ್ಕಟೆ, ಫಾಸ್ಟ್ ಕೂಡ. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು.

"ಅತ್ತೆ, ಅದು ಹೇಗೆ ಬಂದಿದೆಯೋ ಹಾಗೇ ಇಟ್ಟಿದ್ದೀನಿ. ಮಾಮೂಲಿ ಜನಕ್ಕೆ ಎಲ್ಲಿ ತೊಡಕಾಗುತ್ತೆ ಅಂತ ಟೆಸ್ಟ್ ಮಾಡ್ಬೇಕು. ಅವರು ಹೇಳಿದ್ದನ್ನ ಸರಿಮಾಡ್ತೀನಿ. ಆದರೆ ಪಕ್ಕದಲ್ಲಿರೋರು ಯಾರೂ ಹೇಳಿಕೊಡಬಾರದು" ಅಂದಳು.

ಮೊದಲು ಕೂತವರು ಯಗಟಿಯಿಂದ ಬಸ್ಸು ಬದಲಿಸಿ ಬರುವ ನನ್ನ ಗೆಳತಿ. ತಮ್ಮ ತಾಯಿ ಹೇಳುತ್ತಿದ್ದ ಸೋಬಾನೆ ಪದಗಳನ್ನು ವಾರಕ್ಕೊಂದರಂತೆ ಟೈಪ್ ಮಾಡಿಡುವುದಕ್ಕೇ ಬರುತ್ತಾರೆ. ಅವರ ಮನೆಯಲ್ಲಿ ಇನ್ಯಾರಿಗೂ ಆ ಪದಗಳು ಬಾರವು.

ಸ್ಕ್ರೀನ್ ತುಂಬ ಬರೀ ಬೆಟ್ಟದ ಚಿತ್ರ. ಒಂದೂ ಐಕಾನ್ ಇಲ್ಲ. ಅಲ್ಲಿ ಇಲ್ಲಿ ಒತ್ತಿ ಹೇಗೋ ಒಂದು ಹಾಳೆ ತೆರೆದರು; ಇಂಗ್ಲಿಷ್ ಅಕ್ಷರ ಬಂತು. ಹಾಳೆಯನ್ನು ಮುಚ್ಚದೆ ಕೆಳಗಿಳಿಸಿ ಕನ್ನಡ ಹುಡುಕೋಣವೆಂದರೆ ಮೊದಲು ಮೂಲೆಯಲ್ಲಿರುತ್ತಿದ್ದ ಮೈನಸ್ ಗುರುತೇ ಇಲ್ಲ. ಕ್ರಾಸ್ ಒತ್ತಿದರು. ಹಾಳೆಯೇ ಹೋಯಿತು. ಒಬ್ಬರು ಕಣ್ಣೆದುರಿಗೆ ಒದ್ದಾಡುತ್ತಿದ್ದರೆ ನಾವೆಲ್ಲ ಕೈಕಟ್ಟಿ ಕೂತಿರಬೇಕಂತೆ. ಇದೆಂಥ ಮ್ಯಾನರ್ಸೋ!

"ಹೇಗಿತ್ತಮ್ಮ?" ಅಂತ ಕೇಳಿದಳು ಅಣ್ಣನ ಸೊಸೆ.

"ಚೆನ್ನಾಗಿದೆ ಕಣಮ್ಮ. ಬೆಟ್ಟ ಅಂತೂ ಭಾರೀ ಚೆನ್ನಾಗಿದೆ."

"ಕಷ್ಟ ಆಯ್ತಾ?"

"ಕಷ್ಟ ಏನೂ ಇಲ್ಲ. ನಂಗೇ ಬರಲ್ಲ, ಅಷ್ಟೆ."

ಆಮೇಲೆ ಕೂತವರೆಲ್ಲರದೂ ಅದೇ ರಾಗ. ಬಿಸಿಲಲ್ಲಿ ಬಂದ ಹೆಣ್ಣುಮಗಳು ತಂದುಕೊಟ್ಟಿದ್ದಕ್ಕೆ ಹೆಸರಿಡುವುದುಂಟೇ? "ಎಲ್ಲರಿಗೂ ಓಕೆ ಅತ್ತೆ, ಹೀಗೇ ಇರಲಿ" ಅಂತ ಅವಳು ಹಿಗ್ಗಿದಳು. ಗೆಳತಿ ಚೀಲ ಎತ್ತಿಕೊಂಡು ನನ್ನ ಕಿವಿಯಲ್ಲಿ, "ಮುಂದಿನ ವಾರದಿಂದ ನಾನು ಬರಲ್ಲ ಬಿಡ್ರೀ" ಅಂದರು.

ನನಗೆ ರೇಗಿಹೋಯಿತು. ಕಾನ್ವೆಂಟಿನಲ್ಲಿ ನಾವು ಗೊಣಗಿದರೆ ಸಿಸ್ಟರ್ ಡೆಸ್ಕ್ ಕುಟ್ಟಿ "ಸ್ಪೀಕ್ ಅಪ್, ಚೈಲ್ಡ್!" ಅನ್ನುತ್ತಿದ್ದರು. ಆಗ ಅಳು ಬರುತ್ತಿತ್ತು. ಈಗ ಆ ದನಿಯನ್ನು ನೆನೆದು ಮನಸ್ಸು ಮೆತ್ತಗಾಗುತ್ತದೆ. ಇವರ ಮುಂದೆ ಹಾಗೆ ಕುಟ್ಟಿದರೆ ಎದ್ದೇ ಹೋದಾರು.

"ನೋಡ್ರೀ, ಇದನ್ನ ಮಾಡಿದೋಳು ಇವಳಲ್ಲ, ತಂದು ಹಾಕಿದೋಳು ಅಷ್ಟೆ. ನೀವು ಊರಿಗೆ ಹೋಗಿ ಬರೋದ್ರೊಳಗೆ ಹೊಸ ಸೊಸೆ ನಿಮ್ಮ ಅಡುಗೆಮನೇನ ಈ ಸ್ಕ್ರೀನ್ ಥರಾನೇ ಜೋಡಿಸಿದ್ದಾಳೆ ಅನ್ಕೊಳ್ಳಿ. ಏನಂತೀರಿ?" ಅಂದೆ.

ಅಷ್ಟೇ ಸಾಕಾಯಿತು.

"ಅಯ್ಯೋ, ಉಪ್ಪು ಖಾರ ಎಲ್ಲಾ ಅಟ್ಟಕ್ಕೆ ಹಾಕಿ ಬರೀ ಗೋಡೆ ತೋರಿಸ್ತಾಳಲ್ಲ!"

"ಕನ್ನಡ ಎಲ್ಲಿ ಬಚ್ಚಿಟ್ಟಿದ್ದಾಳೋ ಕೇಳ್ರೀ!"

ಗೆಳತಿ ಚೀಲ ಕೆಳಗಿಟ್ಟರು. "ಪಾತ್ರೆ ಒಂಚೂರು ಪಕ್ಕಕ್ಕಿಡೋಣ ಅಂದ್ರೆ ಜಾಗ ಇಲ್ಲ, ತಿಪ್ಪೆಗೇ ಎಸೀಬೇಕು. ಯಾವ ಸೀಮೆ ಸೊಸೆ ಕಣ್ರೀ ಇವಳು!"

ಅಣ್ಣನ ಸೊಸೆ ನನ್ನನ್ನೊಮ್ಮೆ ದುರುಗುಟ್ಟಿ ನೋಡಿದಳು. ಆಮೇಲೆ ನಗು ತಡೆಯಲಾರದೆ ಕುರ್ಚಿ ಎಳೆದುಕೊಂಡು ಅಲ್ಲೇ ಸರಿಮಾಡತೊಡಗಿದಳು. ಮೈನಸ್ ಗುರುತು ಬಂತು. ಕನ್ನಡಕ್ಕೊಂದು ಬಟನ್ ಕಣ್ಣಿಗೆ ಕಾಣುವಂತೆ ಕೂತಿತು. ಪದಗಳ ಫೋಲ್ಡರ್ ಎದುರಿಗೇ ಬಂತು.

"ಇದೆಲ್ಲಾ ಒಳಗೇ ಇತ್ತು ಅತ್ತೆ" ಅಂದಳು.

ಇತ್ತಂತೆ! ಇದ್ದದ್ದನ್ನು ಮುಚ್ಚಿಡುವುದಕ್ಕೆ ಡಿಸೈನ್ ಅಂತ ಹೆಸರಂತೆ.

ಗೆಳತಿ ಮತ್ತೆ ಕೂತರು. ಹಾಳೆಯನ್ನು ಇಳಿಸಿದರು, ಏರಿಸಿದರು, ಇನ್ನೊಮ್ಮೆ ಇಳಿಸಿ ನೋಡಿದರು. ನಂಬಿಕೆ ಬಂದ ಮೇಲೆ ಸಣ್ಣಗೆ ಗುನುಗುತ್ತಾ ಟೈಪ್ ಮಾಡತೊಡಗಿದರು.

"ಬಸ್ಸಿಗೆ ಹೊತ್ತಾಯ್ತು ಕಣ್ರೀ" ಅಂದೆ.

"ಹೋಗ್ಲಿ ಬಿಡಿ, ಅದರ ಹಿಂದೆ ಇನ್ನೊಂದಿದೆ" ಅಂದರು, ಸ್ಕ್ರೀನಿನಿಂದ ಕಣ್ಣು ತೆಗೆಯದೆ.