ಬಿಡಲು ಬಾರದ ಕೈಗಳು

ದಾಮೋದರ ತಾಂಡೇಲರು ಯಾರ ಮುಖವನ್ನೂ ನೋಡಿ ಮಾತನಾಡುತ್ತಿರಲಿಲ್ಲ. ಎದುರಿಗಿದ್ದವರ ಕೈಗಳನ್ನು ನೋಡುತ್ತಿದ್ದರು. ಹಗ್ಗ ಎಳೆದು ಜಡ್ಡುಗಟ್ಟಿದ ಅಂಗೈ ಕಂಡರೆ ಮಾತು ಮುಂದುವರಿಯುತ್ತಿತ್ತು, ಇಲ್ಲವಾದರೆ ಅವರು ಸಮುದ್ರದ ಕಡೆ ತಿರುಗಿಬಿಡುತ್ತಿದ್ದರು. ನನ್ನ ಕೈ ನೋಡಿ ಅವರು ತಿರುಗಿದ್ದು ಒಂದೆರಡು ಸಲವಲ್ಲ.

ನಮ್ಮ ವೈರಕ್ಕೆ ಕಾರಣವಿತ್ತು. ನಾನು ಹಾರವಾಡದ ಸಮೀಪದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದಾಗ ಅವರು ಶಾಲೆಯ ಮೈದಾನದಲ್ಲಿ ಬಲೆ ಒಣಗಲು ಹರವಿದ್ದರು, ನಾನು ತೆಗೆಸಿದ್ದೆ. ಅಂದಿನಿಂದ ಸಂತೆಯಲ್ಲಿ ನಾನು ಎದುರಾದರೆ ಅವರು ಉಗುಳದೆ ಮುಂದೆ ಹೋಗುತ್ತಿರಲಿಲ್ಲ. ನಾನೂ ಅವರನ್ನು ನಮಸ್ಕಾರಕ್ಕೆ ಅರ್ಹರೆಂದು ಎಣಿಸಲಿಲ್ಲ.

ಸರಕು ಹಡಗುಗಳಲ್ಲಿ ದುಡಿದು ಬಂದಿದ್ದ ತಾಂಡೇಲರು ಅಮೆರಿಕದ ಬಂದರುಗಳಲ್ಲಿ ಅಲ್ಲಿಯ ಫುಟ್‌ಬಾಲ್ ನೋಡಿದ್ದರು. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುವ, ಓಡುವವನನ್ನು ಕೆಡವುವ ಆಟ ಅದು. ಮಳೆಗಾಲದಲ್ಲಿ ಮೀನುಗಾರಿಕೆಗೆ ನಿಷೇಧ ಬಿದ್ದು ಬೈತಖೋಲದ ಬಂದರಿನಲ್ಲಿ ಟ್ರಾಲರುಗಳನ್ನು ಕಟ್ಟಿಹಾಕಿದಾಗ ಕೂಲಿಯಿಲ್ಲದೆ ಕೂರುವ ಖಲಾಸಿಗಳನ್ನು ಸೇರಿಸಿ ಅವರೊಂದು ತಂಡ ಕಟ್ಟಿದರು. ಯಾವ ಸಂಘಕ್ಕೂ ಸೇರದ, ಯಾರಿಗೂ ಅರ್ಜಿ ಹಾಕದ ತಂಡ. ಆಡಿದವನಿಗೆ ದೋಣಿಯ ಮೇಲಿನಂತೆಯೇ ದಿನಗೂಲಿ. ಅದನ್ನು ಕೊಡುತ್ತಿದ್ದವರು ದೋಣಿಯ ಮಾಲೀಕರು. ಅವರ ಷರತ್ತು ಒಂದೇ: ನಿಷೇಧ ಮುಗಿಯುವ ಮುನ್ನಾದಿನದ ಕೊನೆಯ ಪಂದ್ಯ ಗೆದ್ದರೆ ಮುಂದಿನ ಮಳೆಗಾಲಕ್ಕೂ ತಂಡ ಇರುತ್ತದೆ, ಸೋತರೆ ಮುಚ್ಚುತ್ತದೆ.

ಹೊರಗಿನ ತಂಡಗಳು ಪಕ್ಷಪಾತವಿಲ್ಲದ ರೆಫರಿಯನ್ನು ಕೇಳಿದಾಗ ತಾಂಡೇಲರು, ನಿವೃತ್ತನಾಗಿ ಮನೆಯಲ್ಲಿದ್ದ ನನ್ನನ್ನು ಹುಡುಕಿಕೊಂಡು ಬಂದರು. ನನ್ನ ಅಂಗಳದಲ್ಲಿ ನಿಂತು, ನನಗಲ್ಲ, ಜೊತೆಗೆ ಬಂದ ಮಾಲೀಕರಿಗೆ ಹೇಳಿದರು: "ಇವರಿಗೆ ನನ್ನ ಕಂಡ್ರೆ ಆಗೂದಿಲ್ಲ. ಅದ್ಕೇ ಇವ್ರೇ ಬೇಕು. ನಮ್ಮ ಬದಿ ಸೀಟಿ ಊದಿದ್ರು ಅಂತ ಯಾರ ಬಾಯಲ್ಲೂ ಬರೂದು ಬೇಡ."

ನಾನು ನಿಯಮಗಳನ್ನು ಬಾಯಿಪಾಠ ಮಾಡಿದೆ. ಅವುಗಳಲ್ಲೊಂದು ಆ ತಂಡಕ್ಕೆ ಶಾಪವಾಯಿತು. ತಮ್ಮವನು ಚೆಂಡಿನೊಂದಿಗೆ ಓಡುವಾಗ ಅಡ್ಡ ಬರುವ ಎದುರಾಳಿಯನ್ನು ತಳ್ಳಬಹುದು, ಹಿಡಿದುಕೊಳ್ಳಬಾರದು. ಆದರೆ ಆ ಹುಡುಗರು ಚಿಕ್ಕಂದಿನಿಂದ ದಂಡೆಯ ಮೇಲೆ ಸಾಲಾಗಿ ನಿಂತು, ಸಮುದ್ರದಿಂದ ದಡಕ್ಕೆ ಎಳೆಯುವ ಎಂಡಿ ಬಲೆಯ ಹಗ್ಗ ಜಗ್ಗಿದವರು. ಅಲ್ಲಿ ಒಬ್ಬ ಕೈಬಿಟ್ಟರೆ ಎಲ್ಲರ ಮೀನೂ ಹೋಗುತ್ತದೆ. ಅವರ ಬೆರಳಿಗೆ ಏನು ಸಿಕ್ಕರೂ ಮುಷ್ಟಿ ತಾನಾಗಿ ಮುಚ್ಚುತ್ತಿತ್ತು. ತಾಂಡೇಲರು ಹಗ್ಗದ ತುಂಡಿನಿಂದ ಆ ಕೈಗಳಿಗೆ ಬಾರಿಸುತ್ತಿದ್ದರು. "ತಳ್ಳಿ ಬಿಡೊ ಗಣಪತಿ. ಅವ್ನೇನು ನಿನ್ನ ಹೆಂಡ್ತಿಯನಾ, ಹಂಗೆ ತಬ್ಕಂಡು ನಿಂತ್ಕಂಡಿ?" ಎನ್ನುತ್ತಿದ್ದರು. ಕೊನೆಗೆ, ಬೆರಳು ಮಡಿಸಲಾಗದಂತೆ ಎಲ್ಲರ ಅಂಗೈಗಳಿಗೂ ಹಳೆಯ ಲುಂಗಿಯ ಚೂರುಗಳಿಂದ ಬಿದಿರಿನ ಸೀಳು ಕಟ್ಟಿಸಿದರು.

ಕೊನೆಯ ಪಂದ್ಯಕ್ಕೆ ಬೆಳಗಾವಿಯ ತಂಡ ಬಂತು. ಬಿದಿರು ಕಟ್ಟಿದ ಕೈ ಆಯುಧಕ್ಕೆ ಸಮ ಎಂದು ಅವರು ಆಕ್ಷೇಪಿಸಿದರು. ಆಕ್ಷೇಪ ಸರಿಯಾಗಿತ್ತು, ನಾನು ಬಿಚ್ಚಿಸಿದೆ. ತಾಂಡೇಲರು ಕೆಸರಿನಲ್ಲಿ ಬಿದ್ದ ಆ ಚೂರುಗಳನ್ನು ಒಂದೊಂದಾಗಿ ಹೆಕ್ಕಿಕೊಂಡರು.

ಆಟದ ಕೊನೆಯ ಗಳಿಗೆಯಲ್ಲಿ ನಮ್ಮ ಹುಡುಗನೊಬ್ಬ ಚೆಂಡು ಹೊತ್ತು ಗೆರೆ ದಾಟಿದ. ಗೆದ್ದಂತೆಯೇ ಆಗಿತ್ತು, ಮಾಲೀಕರು ಕೊಡೆ ಎಸೆದು ಕುಣಿದರು. ಆದರೆ ಹಿಂದೆ, ಗಣಪತಿಯ ಮುಷ್ಟಿಯಲ್ಲಿ ಎದುರಾಳಿಯೊಬ್ಬನ ಅಂಗಿ ಇನ್ನೂ ಸಿಕ್ಕಿಕೊಂಡಿತ್ತು. ನಾನು ಸೀಟಿ ಊದಿ ಆ ಅಂಕವನ್ನು ತಳ್ಳಿಹಾಕಿದೆ.

ತಾಂಡೇಲರು ನಿಧಾನವಾಗಿ ನಡೆದು ಬಂದರು.

"ಅದು ಹಿಡ್ದದ್ದಲ್ಲ ಮಾಸ್ತರೆ. ಅವ್ನಿಗೆ ಬಿಡೂಕೆ ಬರಲಿಲ್ಲ, ಅಷ್ಟೇ."

ನಿಯಮಕ್ಕೆ ಎರಡೂ ಒಂದೇ ಎಂದೆ. ಈಗಲೂ ಹಾಗೆಯೇ ಹೇಳುತ್ತೇನೆ.

ಪಂದ್ಯ ಸೋತು ತಂಡ ಅಲ್ಲಿಗೆ ಮುಗಿಯಿತು. ಮರುದಿನ ಆ ಹುಡುಗರೆಲ್ಲ ದೋಣಿಯೇರಿದರು. ಟ್ರಾಲರುಗಳ ಸಹವಾಸವೇ ಬೇಡವೆಂದು ತಾಂಡೇಲರು ಹಾರವಾಡದ ದಂಡೆಯಲ್ಲಿ ಬಲೆ ಎಳೆಸತೊಡಗಿದರು. ಆ ವರ್ಷದ ಕೊನೆಗೆ ರತ್ನಾಗಿರಿಯ ಕಡೆ ಹೋದವರು ಮತ್ತೆ ಬರಲಿಲ್ಲ.

ಹೋಗುವ ಮೊದಲು ಒಮ್ಮೆ ಸಿಕ್ಕಿದ್ದರು. ನಾನು ಮೀನಿಗೆಂದು ಹಾರವಾಡಕ್ಕೆ ಹೋಗಿದ್ದೆ. ಬಲೆ ಭಾರವಾಗಿತ್ತು, ಎಳೆಯಲು ಜನ ಸಾಲುತ್ತಿರಲಿಲ್ಲ. ದಂಡೆಯ ಮೇಲಿದ್ದವರು ಯಾರೇ ಆಗಲಿ ಹಗ್ಗಕ್ಕೆ ಕೈ ಹಾಕಬೇಕು, ಹಾಕಿದವರಿಗೆ ಹಿಡಿ ಮೀನು ಕೊಡಬೇಕು ಎಂಬುದು ಅಲ್ಲಿಯ ರೂಢಿ. ನಾನೂ ಸಾಲಿನ ತುದಿಯಲ್ಲಿ ನಿಂತು ಹಿಡಿದೆ. ಒದ್ದೆ ಹಗ್ಗ ಅಂಗೈ ಸುಲಿಯಿತು. ತೆರೆ ಹಿಂದೆ ಸರಿದಾಗ ಬಲೆ ಇಡೀ ಸಾಲನ್ನೇ ನೀರಿನ ಕಡೆ ಜಗ್ಗಿತು. ಬಿಟ್ಟುಬಿಡಬೇಕೆಂದು ಮನಸ್ಸು ಹೇಳುತ್ತಿತ್ತು, ಬೆರಳುಗಳು ಬಿಚ್ಚಲಿಲ್ಲ.

ತಾಂಡೇಲರು ಸಾಲಿನುದ್ದಕ್ಕೂ ಬೈಯುತ್ತ ಬಂದು ನನ್ನ ಬಳಿ ನಿಂತರು. ಎಂದಿನಂತೆ ಮುಖ ನೋಡಲಿಲ್ಲ. ಕೈ ನೋಡಿದರು, ಬಹಳ ಹೊತ್ತು.

"ಈಗ ಸೀಟಿ ಊದಿ, ಮಾಸ್ತರೆ," ಎಂದರು.

ನನ್ನ ಎರಡೂ ಕೈಗಳು ಹಗ್ಗದ ಮೇಲಿದ್ದವು.